ತೋಟದ ಮನೆಯ ಗೋಡೌನಿನಲ್ಲಿ ವ್ಯಾಯಾಮ, ಬಚ್ಚಲಿನಲ್ಲಿ ಆರೈಕೆ

ನಮ್ಮ ಮನೆ ಇರುವುದು ಕೊಡಗಿನ ಸಿದ್ದಾಪುರದ ಸಮೀಪ, ರೋಬಸ್ಟಾ ಕಾಫಿ ತೋಟದ ನಡುವೆ. ಬೆಳಗಿನ ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಬೇರೆ ಊರುಗಳಲ್ಲಿ ಹೇಳುವಷ್ಟು ನಿಶ್ಚಿಂತೆಯಿಂದ ನಮ್ಮ ಕಡೆ ಯಾರೂ ಹೇಳುವುದಿಲ್ಲ. ತೋಟದ ಕೆರೆಯ ನೀರು, ಹಲಸು, ಬಾಳೆ ಮತ್ತು ದಟ್ಟವಾದ ನೆರಳು ಸಿಗುವುದರಿಂದ ಕಾಡಾನೆಗಳು ಕಾಡಿಗೆ ಮರಳದೆ ತೋಟಗಳಲ್ಲಿಯೇ ಬೀಡುಬಿಡುತ್ತವೆ. ರಾತ್ರಿ ಗದ್ದೆಗಿಳಿದು ಮೇದ ಹಿಂಡು ಮತ್ತೆ ಮರೆಗೆ ಸರಿಯುವ ಹೊತ್ತೂ, ಪಟ್ಟಣದವರು ಬೂಟು ಬಿಗಿದು ವಾಕಿಂಗ್ ಹೊರಡುವ ಹೊತ್ತೂ ಒಂದೇ. ಯಾವ ರಸ್ತೆಯ ಬದಿಯಲ್ಲಿ ಆನೆ ನಿಂತಿದೆ ಎಂಬ ಸಂದೇಶ ಬೆಳಿಗ್ಗೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಮೇಲೆಯೇ ಇಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಹೀಗಿರುವಾಗ ಮನೆಯೊಳಗೇ ವ್ಯಾಯಾಮ ಮಾಡುವುದು ನನಗೆ ಸೋಮಾರಿತನದ ಆಯ್ಕೆಯಾಗಿರಲಿಲ್ಲ, ಇದ್ದ ಒಂದೇ ದಾರಿಯಾಗಿತ್ತು.

ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವವಳು, ವಯಸ್ಸು 47. ಕಳೆದ ಬೇಸಿಗೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬರಿಹೊಟ್ಟೆಯ ಸಕ್ಕರೆ ಪ್ರಮಾಣ 100 ದಾಟಿತ್ತು. ಅದು 126 ತಲುಪಿದರೆ ಮಧುಮೇಹವೆಂದೂ, 100ರಿಂದ 125ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲೆಂದೂ ವೈದ್ಯರು ವಿವರಿಸಿ, ಸೊಂಟದ ಸುತ್ತಳತೆ ಅಳೆಯುವಂತೆ ಹೇಳಿದರು. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಎಂಬುದು ಎಚ್ಚರಿಕೆಯ ಗೆರೆ. ಸೀರೆ ಉಡುವವರಿಗೆ ಈ ಅಳತೆ ಸುಲಭವಾಗಿ ಕಣ್ತಪ್ಪಿ ಹೋಗುತ್ತದೆ, ಏಕೆಂದರೆ ಐದೂವರೆ ಮೀಟರಿನ ಸೀರೆ ಯಾವ ಸೊಂಟಕ್ಕೂ ಬಿಗಿಯಾಗಿದ್ದೇನೆಂದು ದೂರುವುದಿಲ್ಲ. ನಾನು ದರ್ಜಿಯ ಟೇಪು ತಂದು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಜಾಗದಲ್ಲಿ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆದುಕೊಂಡೆ. ಗೆರೆಯನ್ನು ಸಾಕಷ್ಟು ದಾಟಿದ್ದೆ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕು, ಅದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಮಧ್ಯಮ ಪ್ರಮಾಣವೆಂದರೆ ಮಾತನಾಡಲು ಸಾಧ್ಯವಿರಬೇಕು, ಹಾಡಲು ಆಗಬಾರದು. ಈ ಎರಡನೆಯ ಭಾಗ, ಅಂದರೆ ಸ್ನಾಯುಬಲದ ಮಾತು, ನಮ್ಮ ವಯಸ್ಸಿನ ಹೆಂಗಸರ ಕಿವಿಗೆ ಅಷ್ಟಾಗಿ ಬೀಳುವುದಿಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಇಳಿಯುವುದರಿಂದ ಮೂಳೆಗಳ ಸಾಂದ್ರತೆ ಬೇಗನೆ ಕುಗ್ಗುತ್ತದೆ. ಸ್ನಾಯುಗಳಂತೂ ಮೂವತ್ತು ದಾಟಿದಂದಿನಿಂದಲೇ ಸವೆಯತೊಡಗುತ್ತವೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೋಳಿಗೂ ಬೆನ್ನಿಗೂ ಅದರಿಂದ ಸಿಗುವುದು ಕಡಿಮೆ. ಆನೆಗಳಿಂದಾಗಿ ನಡಿಗೆ ತಪ್ಪಿದ್ದು ನನ್ನ ಮಟ್ಟಿಗೆ ಒಂದು ರೀತಿಯಲ್ಲಿ ಉಪಕಾರವೇ ಆಯಿತು.

ಮೊದಲ ಪ್ರಶ್ನೆ ಜಾಗದ್ದು. ಜಗಲಿಯಲ್ಲಿ ಮಾಡಿದರೆ ತೋಟಕ್ಕೆ ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ, ಪಡಸಾಲೆಯಲ್ಲಿ ಅತ್ತೆಯ ಟಿವಿ, ಮಲಗುವ ಕೋಣೆಯಲ್ಲಿ ಕೈ ಚಾಚಲು ಎಡೆಯಿಲ್ಲ. ಉಳಿದದ್ದು ಕಾಫಿ ಮೂಟೆಗಳನ್ನಿಡುವ ಗೋಡೌನ್. ಒಣಗಿಸಿದ ಕಾಫಿಯನ್ನು ನಾವು ಮೇ ತಿಂಗಳೊಳಗೆ ಮಾರಿಬಿಡುತ್ತೇವೆ, ಆದ್ದರಿಂದ ಮಳೆಗಾಲವಿಡೀ ಆ ಕೋಣೆ ಖಾಲಿ. ಸಿಮೆಂಟಿನ ನೆಲ, ಎತ್ತರದ ಕಿಟಕಿ, ಒಳಗಿನಿಂದ ಚಿಲಕ. ಈ ಚಿಲಕವೇ ಎಲ್ಲಕ್ಕಿಂತ ಬೆಲೆಬಾಳುವ ಉಪಕರಣವೆಂದು ನಾನು ಈಗಲೂ ನಂಬುತ್ತೇನೆ. ಬಾಗಿಲು ತೆರೆದಿದ್ದರೆ ಹೆಂಗಸಿನ ಅರ್ಧ ಗಂಟೆ ಅವಳದಾಗಿ ಉಳಿಯುವುದಿಲ್ಲ; ಸಾರಿಗೆ ಉಪ್ಪು ಹಾಕಿದೆಯಾ ಎಂಬಲ್ಲಿಂದ ಹಿಡಿದು ಗ್ಯಾಸಿನ ಪುಸ್ತಕ ಎಲ್ಲಿದೆ ಎಂಬವರೆಗೆ ಯಾವುದಾದರೊಂದು ಪ್ರಶ್ನೆ ಒಳಗೆ ಬರುತ್ತಲೇ ಇರುತ್ತದೆ.

ಉಪಕರಣಗಳ ವಿಷಯದಲ್ಲಿ ಮನೆಯವರಿಗೆ ನನಗಿಂತ ಹೆಚ್ಚು ಹುರುಪಿತ್ತು. ಅವರು ಮೊಬೈಲಿನಲ್ಲಿ ಟ್ರೆಡ್‌ಮಿಲ್‌ಗಳ ಚಿತ್ರ ತೋರಿಸತೊಡಗಿದರು. ಜೂನ್ ತಿಂಗಳಲ್ಲಿ ಒಂದು ಮರ ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟು ಬಾರದ ಊರಿನಲ್ಲಿ, ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಯುವ ತೇವದಲ್ಲಿ, ಅಂಥ ಯಂತ್ರ ಎಷ್ಟು ಕಾಲ ಓಡೀತು ಎಂದು ಕೇಳಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ನಾನು ಆರಿಸಿಕೊಂಡದ್ದು ಹಿಡಿಕೆಯುಳ್ಳ ಎರಡು ಹತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನುಗಳನ್ನು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆಯಾದ್ದರಿಂದ ಮೂರು ಲೀಟರಿನಿಂದ ತೊಡಗಿ ಅರ್ಧರ್ಧ ಲೀಟರ್ ಏರಿಸುತ್ತ ಹೋಗಬಹುದು. ಅಂಗಡಿಯ ಡಂಬೆಲ್ಲಿಗೆ ಈ ಅನುಕೂಲವಿಲ್ಲ, ತುಕ್ಕು ಹಿಡಿಯುವ ಭಯ ಮಾತ್ರ ಇದೆ. ಇವುಗಳ ಜೊತೆಗೆ ಒಂದು ಗಟ್ಟಿ ಮರದ ಕುರ್ಚಿ, ಒಂದು ಚಾಪೆ, ಮಗಳು ಮೈಸೂರಿನಿಂದ ತಂದುಕೊಟ್ಟ ರಬ್ಬರ್ ಪಟ್ಟಿ. ರಬ್ಬರ್ ಪಟ್ಟಿಗೆ ಮಳೆಗಾಲದಲ್ಲಿ ಟಾಲ್ಕಂ ಪೌಡರ್ ಸವರಿ ಡಬ್ಬಿಯಲ್ಲಿಡದಿದ್ದರೆ ಅಂಟಂಟಾಗಿಬಿಡುತ್ತದೆ.

ವ್ಯಾಯಾಮ ಕಲಿಯಲು ಮೊದಮೊದಲು ಮೊಬೈಲಿನ ವಿಡಿಯೋಗಳನ್ನೇ ನೆಚ್ಚಿದ್ದೆ. ಮಳೆ ಜೋರಾದ ಮೇಲೆ ನೆಟ್‌ವರ್ಕ್ ಹೋಯಿತು, ಬ್ಯಾಟರಿಯೂ ಮುಗಿಯಿತು. ಆಗ ನಾನು ಶಾಲೆಯ ಚಾರ್ಟ್ ಹಾಳೆಯೊಂದರ ಮೇಲೆ ಚಲನೆಗಳನ್ನು ಕಡ್ಡಿಗೊಂಬೆಗಳಾಗಿ ಬರೆದು ಗೋಡೌನಿನ ಬಾಗಿಲ ಹಿಂದೆ ಅಂಟಿಸಿದೆ. ಇದು ಹೊಸ ಉಪಾಯವೇನೂ ಅಲ್ಲ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ಕನ್ನಡ ಓದುಗರಿಗೆ ಕಾದಂಬರಿಕಾರರಾಗಿಯೂ ಪರಿಚಿತರಾದ ಕೆ. ವಿ. ಅಯ್ಯರ್ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ಅಂಚೆಯ ಮೂಲಕ ವ್ಯಾಯಾಮದ ಪಾಠಗಳನ್ನು ಕಳಿಸುತ್ತಿದ್ದರು. ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಒಂದೇ ಸಾಧನೆಯ ಎರಡು ಭಾಗಗಳಾಗಿ ಕಂಡವರು ಅವರು. ಅದೇ ಕಾಲದಲ್ಲಿ, 1933ರಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ನಮ್ಮ ಸೀಮೆಯಲ್ಲಿ ಮೈ ಸಾಧನೆಗೆ ಇಷ್ಟು ಹತ್ತಿರದ ಪರಂಪರೆ ಇರುವಾಗ, ವಿಡಿಯೋ ನಿಂತುಹೋಯಿತೆಂದು ವ್ಯಾಯಾಮ ನಿಲ್ಲಿಸುವುದು ನನಗೆ ನಾಚಿಕೆಯೆನಿಸಿತು.

ಸೂರ್ಯನಮಸ್ಕಾರವನ್ನು ಮೈ ಬೆಚ್ಚಗಾಗಿಸಿಕೊಳ್ಳಲು ಇಟ್ಟುಕೊಂಡೆ. ಬಲದ ಅಭ್ಯಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸೆಳೆದದ್ದು ದಂಡ, ಅಂದರೆ ಈಗಿನವರು ಪುಷ್‌ಅಪ್ ಎನ್ನುವುದಕ್ಕೆ ಹತ್ತಿರದ ಚಲನೆ. ನೆಲದ ಮೇಲೆ ಅದನ್ನು ಮಾಡುವ ಶಕ್ತಿ ನನ್ನ ತೋಳುಗಳಿಗೆ ಇರಲಿಲ್ಲ, ನಮ್ಮ ವಯಸ್ಸಿನ ಬಹುತೇಕ ಹೆಂಗಸರಿಗೂ ಇರುವುದಿಲ್ಲ. ಆದರೆ ಮೈಯ ಓರೆಯನ್ನು ಬದಲಿಸಿದರೆ ತೋಳಿನ ಮೇಲೆ ಬೀಳುವ ಭಾರವೂ ಬದಲಾಗುತ್ತದೆ. ಗೋಡೆಗೆ ಕೈಯೂರಿ ತಳ್ಳುವಾಗ ಭಾರದ ಅಲ್ಪ ಭಾಗ ಮಾತ್ರ ತೋಳಿಗೆ ಬರುತ್ತದೆ. ಅಡುಗೆಮನೆಯ ಕಟ್ಟೆಗೆ ಕೈಯೂರಿದರೆ ಇನ್ನಷ್ಟು, ಕುರ್ಚಿಯ ಆಸನಕ್ಕೆ ಊರಿದರೆ ಮತ್ತಷ್ಟು. ಒಂದು ಎತ್ತರದಲ್ಲಿ ಹನ್ನೆರಡು ಸಲ ಸಲೀಸಾಗಿ ಮಾಡಲು ಬಂದು, ಮುಂದಿನ ಸರದಿಯಲ್ಲೂ ಅದು ಸಾಧ್ಯವಾದರೆ ಮಾತ್ರ ಒಂದು ಮೆಟ್ಟಿಲು ಕೆಳಗಿಳಿಯಬೇಕೆಂಬ ನಿಯಮ ಮಾಡಿಕೊಂಡೆ. ಗೋಡೆಯಿಂದ ಅಡುಗೆ ಕಟ್ಟೆಗೆ ಬೇಗ ಬಂದೆ. ಕಟ್ಟೆಯಿಂದ ಕುರ್ಚಿಗೆ ಬರಲು ಮಳೆಗಾಲದ ಬಹುಪಾಲು ಬೇಕಾಯಿತು. ಹಲಗೆಯಂತೆ ಮೈ ನೆಟ್ಟಗಿರಬೇಕು, ಸೊಂಟ ಜೋತುಬೀಳಬಾರದು, ಮೊಣಕೈಗಳು ರೆಕ್ಕೆಯಾಗದೆ ಮೈಯ ಕಡೆಗೆ ಬಾಗಿರಬೇಕು ಎಂಬುದನ್ನು ಕಿಟಕಿಯ ಗಾಜಿನಲ್ಲಿ ಕಾಣುವ ನನ್ನದೇ ನೆರಳು ನನಗೆ ಕಲಿಸಿತು.

ಬಸ್ಕಿಯ ಕಥೆ ಬೇರೆ. ನಾವು ಓದುವ ಕಾಲದಲ್ಲಿ ಅದು ಮನೆಗೆಲಸ ಮಾಡದವರಿಗೆ ಕೊಡುವ ಶಿಕ್ಷೆಯಾಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೆ ಶಾಲೆಯಲ್ಲಿ ಆ ಪದ ಕೇಳುವುದೇ ಅಪರೂಪ. ತೊಡೆ ಮತ್ತು ಪೃಷ್ಠದಂಥ ದೇಹದ ಅತಿ ದೊಡ್ಡ ಸ್ನಾಯುಗಳನ್ನು ಒಟ್ಟಿಗೆ ದುಡಿಸುವ, ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಆ ಸ್ನಾಯುಗಳು ಹೀರಿಕೊಳ್ಳುವಂತೆ ಮಾಡುವ ಇಷ್ಟು ಒಳ್ಳೆಯ ಚಲನೆಯನ್ನು ಶಿಕ್ಷೆಯೆಂದು ಕಲಿಸಿದ್ದರಿಂದಲೇ ನಮ್ಮ ಪೀಳಿಗೆ ಅದನ್ನು ದೂರವಿಟ್ಟಿತೋ ಏನೋ. ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು. ಆಮೇಲೆ ಕುರ್ಚಿಗೆ ತಾಗಿಯೂ ತಾಗದಂತೆ ಇಳಿದು ಏಳುವುದು. ಆಮೇಲೆ ನೀರಿನ ಕ್ಯಾನನ್ನು ಎದೆಗಪ್ಪಿಕೊಂಡು ಅದನ್ನೇ ಮಾಡುವುದು. ಕ್ಯಾನುಗಳನ್ನು ನೆಲದಿಂದ ಎತ್ತುವಾಗ ಬೆನ್ನನ್ನು ಗೂನು ಮಾಡದೆ ಸೊಂಟದ ಕೀಲಿನಲ್ಲಿಯೇ ಬಾಗಬೇಕು ಎಂಬುದನ್ನು ಅಭ್ಯಾಸ ಮಾಡಿಕೊಂಡ ನಂತರ, ಹಂಡೆಗೆ ನೀರು ತುಂಬುವಾಗ ಬರುತ್ತಿದ್ದ ಬೆನ್ನುನೋವೂ ತಗ್ಗಿತು.

ಎರಡು ಕೈಯಲ್ಲಿ ಕ್ಯಾನು ಹಿಡಿದು ಗೋಡೌನಿನ ಉದ್ದಗಲಕ್ಕೆ ನಡೆಯುವುದನ್ನು ಕಿಟಕಿಯಿಂದ ಕಂಡ ಅತ್ತೆ, "ಎಂಥ ಮಾರಾಯ್ತಿ ಇದು, ನೀರು ಹೊತ್ತುಕೊಂಡು ಎಲ್ಲಿಗೂ ಹೋಗದೆ ಅಲ್ಲೇ ಸುತ್ತುವುದು?" ಎಂದು ಕೇಳಿದ್ದರು. ತೋಟದ ಕೆಲಸಕ್ಕೆ ಬರುವ ಹೆಂಗಸರೂ ನಕ್ಕರು, ಅವರ ನಗುವಿನಲ್ಲಿ ನ್ಯಾಯವಿತ್ತು. ದಿನವಿಡೀ ಕಾಫಿ ಕೊಯ್ದು ಸಂಜೆ ಚೀಲ ಹೊತ್ತು ಇಳಿಜಾರಿನಲ್ಲಿ ಬರುವವರಿಗೆ ಬೇಕಾದದ್ದು ವ್ಯಾಯಾಮವಲ್ಲ, ವಿಶ್ರಾಂತಿ ಮತ್ತು ಒಳ್ಳೆಯ ಊಟ. ಕುರ್ಚಿಯಲ್ಲಿ ಕುಳಿತು ಉತ್ತರ ಪತ್ರಿಕೆ ತಿದ್ದುವ ನನ್ನಂಥವರಿಗಷ್ಟೇ ದುಡಿಮೆಯನ್ನು ಹೀಗೆ ಬೇರೆಯಾಗಿ ತಯಾರಿಸಿಕೊಳ್ಳಬೇಕಾಗುತ್ತದೆ.

ಹೆಂಗಸರು ಹೇಳಿಕೊಳ್ಳಲು ಹಿಂಜರಿಯುವ ಒಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ಹಗ್ಗ ಜಿಗಿಯತೊಡಗಿದಾಗ ಮೂತ್ರ ತೊಟ್ಟಿಕ್ಕುವುದು ಅನುಭವಕ್ಕೆ ಬಂತು. ಹೆರಿಗೆಯಾದವರಲ್ಲಿ, ಅದರಲ್ಲೂ ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಕೆಮ್ಮಿದಾಗ, ಸೀನಿದಾಗ, ಜಿಗಿದಾಗ ಹೀಗಾಗುವುದು ಬಹಳ ಸಾಮಾನ್ಯ. ಕಾರಣ, ಮೂತ್ರಕೋಶ ಮತ್ತು ಗರ್ಭಕೋಶವನ್ನು ಕೆಳಗಿನಿಂದ ಆತುಕೊಂಡಿರುವ ಸ್ನಾಯುಗಳ ಹಾಸು ಸಡಿಲವಾಗಿರುತ್ತದೆ. ಸರಿಯಾದ ಸ್ನಾಯು ಯಾವುದೆಂದು ತಿಳಿಯಲು ಮೂತ್ರವನ್ನು ತಡೆಯುವಾಗಿನ ಬಿಗಿತವನ್ನು ನೆನಪಿಸಿಕೊಳ್ಳಬೇಕು, ಹೊಟ್ಟೆಯನ್ನಾಗಲಿ ತೊಡೆಯನ್ನಾಗಲಿ ಬಿಗಿಹಿಡಿಯಬಾರದು. ಐದು ಸೆಕೆಂಡು ಬಿಗಿದು ಐದು ಸೆಕೆಂಡು ಸಡಿಲಿಸುವುದನ್ನು ಹತ್ತು ಸಲ, ದಿನಕ್ಕೆ ಮೂರು ಬಾರಿ ಮಾಡುವಂತೆ ವೈದ್ಯೆ ಹೇಳಿಕೊಟ್ಟರು. ಇದನ್ನು ಮೂತ್ರ ಮಾಡುವ ಹೊತ್ತಿನಲ್ಲಿಯೇ ಅಭ್ಯಾಸ ಮಾಡುವುದು ಒಳ್ಳೆಯದಲ್ಲ ಎಂದೂ ಎಚ್ಚರಿಸಿದರು. ಬಸ್ಸಿನಲ್ಲಿ ಕುಳಿತಿರುವಾಗಲೂ ಯಾರಿಗೂ ತಿಳಿಯದಂತೆ ಮಾಡಬಹುದಾದ ಏಕೈಕ ವ್ಯಾಯಾಮವಿದು. ಫಲ ಕಾಣಲು ತಿಂಗಳುಗಳೇ ಬೇಕು. ಹಗ್ಗವನ್ನು ಸದ್ಯಕ್ಕೆ ಮೊಳೆಗೆ ನೇತುಹಾಕಿ, ಅದರ ಬದಲು ಜಗಲಿಯ ಮೆಟ್ಟಿಲನ್ನು ಏಕಪ್ರಕಾರವಾಗಿ ಹತ್ತಿಳಿಯುವುದನ್ನು ಹಿಡಿದುಕೊಂಡೆ.

ವ್ಯಾಯಾಮ ಒಂದು ಹದಕ್ಕೆ ಬರುವಷ್ಟರಲ್ಲಿ ಜುಲೈ-ಆಗಸ್ಟ್ ಹೊತ್ತಿನ ಆಟಿ ತಿಂಗಳ ಮಳೆ ಹಿಡಿಯಿತು, ಮೈಯ ಆರೈಕೆ ಎಂಬುದು ಆಗಿನಿಂದ ಶೋಕಿಯಾಗಿ ಉಳಿಯಲಿಲ್ಲ. ಬೆವರು ಆವಿಯಾದರೆ ಮಾತ್ರ ಮೈ ತಣಿಯುತ್ತದೆ. ಗಾಳಿಯೇ ನೀರು ಕುಡಿದು ಕುಳಿತಿರುವಾಗ ಬೆವರು ಹಾಗೆಯೇ ಮೈಮೇಲೆ ನಿಲ್ಲುತ್ತದೆ, ತಂಪಾದ ಹವೆಯಲ್ಲೂ ಬಟ್ಟೆ ಒದ್ದೆಯಾಗುತ್ತದೆ. ಬೆವರಿಗೆ ಸ್ವಂತ ವಾಸನೆ ಅಷ್ಟಾಗಿ ಇಲ್ಲ, ಅದನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ನಾತ ಹುಟ್ಟುತ್ತದೆ. ಆದ್ದರಿಂದ ವ್ಯಾಯಾಮ ಮುಗಿದೊಡನೆ ಸ್ನಾನ, ಸ್ನಾನಕ್ಕೆ ಹಂಡೆಯ ಬಿಸಿನೀರು, ಬಿಸಿನೀರಿಗೆ ಮುಂಚೆಯೇ ಒಲೆ ಹಚ್ಚಬೇಕು. ಈ ಸರಪಣಿಯಿಂದಾಗಿಯೇ ನನ್ನ ಅಭ್ಯಾಸ ಉಳಿಯಿತು ಎಂದು ತೋರುತ್ತದೆ. ಕಾಫಿ ಗಿಡದ ಕಟ್ಟಿಗೆಗೆ ಬೆಂಕಿ ಹಿಡಿಸಿದ ಮೇಲೆ ನೀರು ಕಾಯುವಷ್ಟು ಹೊತ್ತು ಗೋಡೌನಿನ ಪಾಲು. ಒಲೆ ಉರಿಯುತ್ತಿರುವಾಗ ಇವತ್ತು ಬೇಡ ಎನ್ನಲು ಮನಸ್ಸು ಬರುವುದಿಲ್ಲ.

ಮಳೆಗಾಲದ ದೊಡ್ಡ ಶತ್ರು ಕಾಲ್ಬೆರಳ ಸಂದಿಯಲ್ಲಿತ್ತು. ಗಂಬೂಟು ಹಾಕಿ ತೋಟ ಸುತ್ತುವ ಮನೆಯವರಿಗೂ, ಒದ್ದೆ ಚಪ್ಪಲಿಯಲ್ಲಿ ಶಾಲೆ ಸೇರುವ ನನಗೂ ಬೆರಳ ನಡುವಿನ ಚರ್ಮ ಬೆಳ್ಳಗಾಗಿ, ಬಿರಿದು, ತುರಿಸತೊಡಗಿತು. ಇದು ಶಿಲೀಂಧ್ರದ ಸೋಂಕು. ಊರಿನಲ್ಲಿ ಇಂಥದ್ದಕ್ಕೆ ಔಷಧ ಅಂಗಡಿಯಿಂದ ಕೇಳಿ ತರುವ ಟ್ಯೂಬುಗಳಲ್ಲಿ ಎಷ್ಟೋ ಕಡೆ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಎರಡೇ ದಿನದಲ್ಲಿ ನಿಂತಂತೆ ಕಾಣುತ್ತದೆ, ಒಳಗಿನ ಸೋಂಕು ಮಾತ್ರ ಹರಡುತ್ತ ಹೋಗುತ್ತದೆ, ಬಿಟ್ಟೊಡನೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ವೈದ್ಯರು ಬರೆದುಕೊಟ್ಟದ್ದು ಕ್ಲೋಟ್ರಿಮಜೋಲ್ ಮಾತ್ರ ಇರುವ ಮುಲಾಮು. ಲಕ್ಷಣ ಮಾಯವಾದ ನಂತರವೂ ಅದನ್ನು ಕೆಲವು ವಾರ ಮುಂದುವರಿಸಬೇಕೆಂಬ ಸೂಚನೆಯನ್ನು ನಾನು ಚಾರ್ಟಿನಲ್ಲಿಯೇ ಬರೆದಿಟ್ಟೆ, ಏಕೆಂದರೆ ನಮ್ಮ ಮನೆಯಲ್ಲಿ ಔಷಧವೆಂದರೆ ತುರಿಕೆ ನಿಂತ ದಿನ ನಿಲ್ಲುವ ವಸ್ತು. ಮುಲಾಮಿಗಿಂತಲೂ ದೊಡ್ಡ ಕೆಲಸ ಒಣಗಿಸುವುದರದ್ದು. ಸ್ನಾನವಾದ ಮೇಲೆ ಪ್ರತಿ ಬೆರಳಿನ ಸಂದಿಯನ್ನೂ ಪ್ರತ್ಯೇಕ ಹತ್ತಿ ಬಟ್ಟೆಯಿಂದ ಒತ್ತಿ ಒರೆಸುವುದು, ಸಾಕ್ಸನ್ನು ದಿನವೂ ಬದಲಿಸುವುದು, ಗಂಬೂಟಿನೊಳಗೆ ಹಳೆಯ ಪತ್ರಿಕೆ ತುರುಕಿ ಒಲೆಯ ಬದಿಯಲ್ಲಿ ಬೋರಲು ಹಾಕುವುದು. ಒಳಉಡುಪುಗಳನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹರವುವಾಗ ಹೊಗೆಯ ವಾಸನೆ ಹಿಡಿಯುತ್ತದೆಂದು ಮೊದಲು ಗೊಣಗುತ್ತಿದ್ದೆ. ಅರೆಒಣಗಿದ ಬಟ್ಟೆ ತೊಟ್ಟು ತೊಡೆಸಂದಿಯಲ್ಲಿ ಗಜಕರ್ಣ ಹಬ್ಬಿಸಿಕೊಳ್ಳುವುದಕ್ಕಿಂತ ಹೊಗೆಯ ವಾಸನೆ ಎಷ್ಟೋ ಮೇಲು.

ಕೂದಲಿನ ವಿಷಯದಲ್ಲಿ ಅತ್ತೆಗೂ ನನಗೂ ದೀರ್ಘವಾದ ಚರ್ಚೆಯೇ ನಡೆಯಿತು. ಅವರ ಪ್ರಕಾರ ತಲೆಹೊಟ್ಟೆಂದರೆ ನೆತ್ತಿ ಒಣಗಿರುವುದು, ಮದ್ದು ಕೊಬ್ಬರಿ ಎಣ್ಣೆ. ತಲೆಹೊಟ್ಟಿನ ಹಿಂದೆ ಮಲಸೀಜಿಯಾ ಎಂಬ ಯೀಸ್ಟಿನ ಕೈವಾಡವಿದೆ, ಅದು ನೆತ್ತಿಯ ಎಣ್ಣೆಯಂಶವನ್ನೇ ತಿಂದು ಬದುಕುತ್ತದೆ, ಹಾಗಾಗಿ ಹೊಟ್ಟು ಹೆಚ್ಚಿರುವಾಗ ರಾತ್ರಿಯಿಡೀ ಎಣ್ಣೆ ಬಿಡುವುದು ಅದಕ್ಕೆ ಊಟ ಹಾಕಿದಂತೆ ಎಂದು ನಾನು ವಿವರಿಸಿದೆ. ವೈದ್ಯರ ಸಲಹೆಯಂತೆ ಕೀಟೊಕೊನಜೋಲ್ ಇರುವ ಶಾಂಪೂವನ್ನು ವಾರಕ್ಕೆ ಎರಡು ಸಲ, ನೆತ್ತಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯತೊಡಗಿದೆ. ಆ ಐದು ನಿಮಿಷವನ್ನು ಕೊಡದೆ ಕೂಡಲೇ ತೊಳೆದರೆ ಔಷಧ ಚರಂಡಿಗೆ ಹೋಗುತ್ತದೆ. ಅತ್ತೆಯ ಒಂದು ಮಾತು ಮಾತ್ರ ಸಂಪೂರ್ಣ ಸರಿಯಾಗಿತ್ತು: ಒದ್ದೆ ಕೂದಲನ್ನು ತುರುಬು ಕಟ್ಟಬಾರದು. ಶಾಲೆಗೆ ಹೊತ್ತಾಯಿತೆಂದು ಒದ್ದೆ ತುರುಬಿನಲ್ಲೇ ಹೊರಡುವ ಶಿಕ್ಷಕಿಯರು ನಮ್ಮಲ್ಲಿ ಅನೇಕರಿದ್ದಾರೆ, ಮಧ್ಯಾಹ್ನದ ಹೊತ್ತಿಗೆ ಮುಗ್ಗಲು ವಾಸನೆ ಬರುತ್ತದೆ. ಹಾಗಾಗಿ ತಲೆಸ್ನಾನವನ್ನು ಸಂಜೆಗೆ ಬದಲಾಯಿಸಿ, ಒಲೆಯ ಬಿಸಿಗೆ ಬೆನ್ನು ಕೊಟ್ಟು ಕುಳಿತು ಕೂದಲು ಒಣಗಿಸಿಕೊಳ್ಳುವ ಪದ್ಧತಿಗೆ ಬಂದೆ. ನರೆಗೆ ಮದರಂಗಿ ಹಚ್ಚುತ್ತೇನೆ. ಸೊಪ್ಪಿನ ಮದರಂಗಿಯಿಂದ ಕೇಸರಿ-ಕಂದು ಬಣ್ಣ ಬರುತ್ತದೆಯೇ ಹೊರತು ಕಡುಗಪ್ಪು ಬರುವುದಿಲ್ಲ. ಕಪ್ಪು ಮೆಹಂದಿಯೆಂದು ಮಾರುವ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಸೇರಿರುತ್ತದೆ, ಅದು ಕೆಲವರಿಗೆ ತೀವ್ರ ಅಲರ್ಜಿ ತರಬಲ್ಲದು. ಯಾವ ಬಣ್ಣವಾದರೂ ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿದ ನಂತರವೇ ತಲೆಗೆ ಹಾಕಬೇಕು.

ಮುಖಕ್ಕೆ ನಾನು ಮಾಡುವುದು ಕಡಿಮೆ. ಮೇಲ್ದುಟಿಯ ಕೂದಲನ್ನು ಸಣ್ಣ ರೇಜರಿನಿಂದ ತೆಗೆಯುತ್ತೇನೆ. ಬೋಳಿಸಿದರೆ ದಪ್ಪವಾಗಿ ಬೆಳೆಯುತ್ತದೆಂಬುದು ನಿಜವಲ್ಲ, ಕೂದಲಿನ ಮೊನಚು ತುದಿ ಕತ್ತರಿಸಿಹೋಗಿ ಮೊಂಡು ತುದಿ ಹೊರಬರುವುದರಿಂದ ಹಾಗೆ ಕಾಣುತ್ತದೆ, ಅಷ್ಟೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದನ್ನು ಮಾತ್ರ ಯಾರೂ ಮಾಡಬಾರದು, ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಎಸ್‌ಪಿಎಫ್ 30ರ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ತೆಗೆದುಕೊಂಡು ಮುಖಕ್ಕೂ ಕತ್ತಿಗೂ ಹಚ್ಚುತ್ತೇನೆ. ಮೋಡ ಕವಿದ ದಿನ ಬೇಡವೆಂಬ ಭಾವನೆ ನಮ್ಮೂರಿನಲ್ಲಿ ಸಹಜ, ಆದರೆ ತೆಳುಮೋಡದ ಮೂಲಕ ನೇರಳಾತೀತ ಕಿರಣಗಳ ಬಹುಪಾಲು ಇಳಿದೇ ಬರುತ್ತದೆ, ಎತ್ತರದ ಪ್ರದೇಶಗಳಲ್ಲಿ ಅವುಗಳ ಪ್ರಖರತೆಯೂ ಹೆಚ್ಚು.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ ಎಂಬ ಕ್ರಮದಲ್ಲಿ ಪ್ರೋಟೀನಿಗೆ ಜಾಗ ಕಡಿಮೆಯಿತ್ತು. ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಎಂಬ ಶಿಫಾರಸಿನ ಪ್ರಕಾರ 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ. ರೊಟ್ಟಿಯನ್ನು ಬಿಡಲಿಲ್ಲ, ಎರಡರ ಬದಲು ಒಂದಕ್ಕೆ ಇಳಿಸಿ ಅದರ ಜೊತೆಗೆ ಮೊಟ್ಟೆಯನ್ನೋ ಹುರುಳಿ ಉಸಳಿಯನ್ನೋ ಸೇರಿಸಿದೆ. ಆಟಿ ಹದಿನೆಂಟರ ದಿನ ಆಟಿಸೊಪ್ಪಿನ ನೇರಳೆ ಬಣ್ಣದ ಪಾಯಸವನ್ನು ಲೆಕ್ಕವಿಡದೆ ತಿಂದೆ, ಅದರಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಕೈಲ್‌ಪೊಳ್ದ್ ಎಂಬ ಕೊಡಗಿನ ಸೆಪ್ಟೆಂಬರ್ ಹಬ್ಬ ಕಳೆದು ಮಳೆ ತೆರಪು ಕೊಟ್ಟ ಮೇಲೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯ ಸಕ್ಕರೆ 100ರ ಒಳಗೆ ಬಂದಿತ್ತು. ತೂಕ ಇಳಿದದ್ದು ಅಲ್ಪ, ಸೊಂಟದ ಸುತ್ತಳತೆ ಇಳಿದದ್ದು ಅದಕ್ಕಿಂತ ಹೆಚ್ಚು, ಆದರೂ 80ರ ಗೆರೆಯ ಆಚೆಯೇ ಇದ್ದೇನೆ. ಸ್ನಾಯು ಬೆಳೆದು ಕೊಬ್ಬು ಕರಗುವಾಗ ತಕ್ಕಡಿಯ ಮುಳ್ಳು ಮಿಸುಕದಿರುವುದು ಸಹಜವಾದ್ದರಿಂದ, ತೂಕ ನೋಡುವುದನ್ನು ಬಿಟ್ಟು ಟೇಪನ್ನೇ ನೆಚ್ಚಿಕೊಳ್ಳುವಂತೆ ಈ ದಾರಿ ಹಿಡಿಯುವವರಿಗೆ ಹೇಳುತ್ತೇನೆ.

ಈ ನಡುವೆ ಅತ್ತೆಯೂ ಗೋಡೌನಿನೊಳಗೆ ಬಂದರು. ಅವರಿಗೆ 72 ವರ್ಷ. ಮೂವತ್ತು ಸೆಕೆಂಡಿನೊಳಗೆ ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲರು ಎಂಬುದು ವೃದ್ಧರ ಕಾಲುಗಳ ಬಲವನ್ನು ಅಳೆಯುವ ಸರಳ ಪರೀಕ್ಷೆ. ಆ ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚೆಂದು ಎಣಿಸುತ್ತಾರೆ. ಅತ್ತೆ ಮೊದಲ ದಿನ ಏಳಕ್ಕೆ ನಿಂತರು. ಪಾಚಿಗಟ್ಟಿದ ಅಂಗಳದಲ್ಲಿ ಮಳೆಗಾಲವಿಡೀ ಓಡಾಡುವವರಿಗೆ ಇದು ಸಣ್ಣ ಮಾತಲ್ಲ. ಗೋಡೆಗೆ ಆನಿಸಿದ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿರುವಾಗ ಮಾತ್ರ, ಬೇಕಾದಾಗ ಕೈಯೂರಿಕೊಂಡೇ ಅವರು ಅಭ್ಯಾಸ ಆರಂಭಿಸಿದರು. ಚಾರ್ಟಿನಲ್ಲಿ ತಮ್ಮ ಹೆಸರಿಗೂ ಒಂದು ಸಾಲು ಹಾಕಿಸಿಕೊಂಡು, ನನ್ನ ಸಾಲಿನಲ್ಲಿ ಖಾಲಿ ಬಿಟ್ಟ ಚೌಕಗಳನ್ನು ನೆಂಟರ ಮುಂದೆ ಓದಿ ಹೇಳುತ್ತಾರೆ.

ಡಿಸೆಂಬರ್ ಕಳೆಯುವಷ್ಟರಲ್ಲಿ ರೋಬಸ್ಟಾ ಕೊಯ್ಲು ಶುರುವಾಗಿ, ಕಣದಲ್ಲಿ ಒಣಗಿದ ಕಾಫಿಯ ಮೂಟೆಗಳು ಒಂದೊಂದಾಗಿ ಗೋಡೌನು ಸೇರತೊಡಗುತ್ತವೆ. ಚಾಪೆ ಹಾಸುವ ಜಾಗ ಮೂಟೆಗಳ ಪಾಲಾಗುವುದರಿಂದ ಕುರ್ಚಿ, ಕ್ಯಾನುಗಳನ್ನು ಹಿತ್ತಿಲ ಜಗಲಿಗೆ ಸಾಗಿಸಿ, ಅಲ್ಲಿಗೊಂದು ತಟ್ಟಿ ಕಟ್ಟಿಸಿಕೊಂಡಿದ್ದೇನೆ. ಬೆಳಿಗ್ಗೆ ಆಳುಗಳಿಗೆ ಕಾಫಿ-ತಿಂಡಿಯ ಗಡಿಬಿಡಿಯಿರುವುದರಿಂದ ವ್ಯಾಯಾಮ ಸಂಜೆಗೆ ಹೋಗಿದೆ, ಹಂಡೆಯ ಒಲೆಯೂ ಅದರ ಹಿಂದೆಯೇ ಸಂಜೆಗೆ ಬಂದಿದೆ. ಚರ್ಮದ ತೊಂದರೆಯೂ ಈಗ ತಿರುವುಮುರುವಾಗಿದೆ: ತೇವದ ಬದಲು ಒಣ ಚಳಿ, ಬೆರಳ ಸಂದಿಯ ಬದಲು ಹಿಮ್ಮಡಿಯ ಬಿರುಕು. ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದವಿಟ್ಟು, ಒರೆಸಿ, ಹಸಿಯಾರುವ ಮೊದಲೇ ಯೂರಿಯಾ ಇರುವ ಮುಲಾಮು ಸವರಿ ಹತ್ತಿಯ ಸಾಕ್ಸ್ ಹಾಕಿಕೊಂಡು ಮಲಗುತ್ತೇನೆ. ದಂಡ ಇನ್ನೂ ಕುರ್ಚಿಯ ಎತ್ತರದಲ್ಲಿಯೇ ಇದೆ. ಕಾಫಿ ಮಾರಿ ಗೋಡೌನು ಮತ್ತೆ ಖಾಲಿಯಾಗುವ ಹೊತ್ತಿಗೆ ಮೊಣಕಾಲೂರಿಯಾದರೂ ನೆಲದ ಮೇಲೆ ಹನ್ನೆರಡು ದಂಡ ಹೊಡೆಯಬೇಕೆಂದು ಚಾರ್ಟಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.